ಬಳೆಗೂ ಕಾಯಿಗೂ ನಡುವೆ

ನನ್ನ ಕನಸಿನಲ್ಲಿ ಕೇರಂ ಕಾಯಿಗಳಿಗೆ ಸಪ್ಪಳವೇ ಇರುವುದಿಲ್ಲ. ಸ್ಟ್ರೈಕರ್ ಹೋಗಿ ಬಡಿಯುತ್ತದೆ, ಕಾಯಿಗಳು ಚೆದುರುತ್ತವೆ, ಒಂದೊಂದೇ ಪಾಕೆಟ್ಟಿಗೆ ಇಳಿಯುತ್ತವೆ. ಎಲ್ಲ ಹತ್ತಿಯ ಮೇಲೆ ನಡೆದಂತೆ. ಬೋರ್ಡಿಗೆ ಅಂಚು ಕಾಣುವುದಿಲ್ಲ. ಬಿಳಿ ಪುಡಿ ಮೇಲೆದ್ದು ಎದುರಿಗೆ ಕುಳಿತವರ ಮುಖ ಮುಚ್ಚಿರುತ್ತದೆ, ಎರಡು ಕೈ ಮಾತ್ರ ಈಚೆ ಬಂದಿರುತ್ತವೆ. ಅವು ಯಾರ ಕೈ ಎಂದು ನನಗೆ ಯಾರೂ ಹೇಳಬೇಕಾಗಿಲ್ಲ. ಉಗುರಿನ ಸಂದಿಯಲ್ಲಿ ಎಲೆಯ ಹಸಿರು ಇರುತ್ತದೆ.

ಬೆಳಿಗ್ಗೆ ಇದನ್ನು ಗಂಡನಿಗೆ ಹೇಳಿದರೆ ಅವರು ಚಹಾ ಸೋಸುತ್ತ, "ಕನಸಿನ್ಯಾಗರ ಸಿಟ್ಟಿಲ್ಲದ ಆಡ್ತೀಯಲ್ಲ, ಅಷ್ಟ ಸಾಕು" ಎನ್ನುತ್ತಾರೆ. ಅವರ ಮಾತಿನಲ್ಲಿ ತಪ್ಪಿಲ್ಲ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ.

ಶಿಗ್ಗಾವಿಯ ನಮ್ಮ ಮನೆಯ ಪಡಸಾಲೆಯಲ್ಲಿ ಒಂದು ಬೆಳ್ಳಿಬಣ್ಣದ ಕಪ್ ಇದೆ. ರಾಜ್ಯಮಟ್ಟದ ಕೇರಂ ಸಿಂಗಲ್ಸ್ ಪಂದ್ಯದಲ್ಲಿ ನಾನು ಗೆದ್ದದ್ದು. ಈಗ ಅದರಲ್ಲಿ ಬ್ರಶ್ಶುಗಳನ್ನು ನಿಲ್ಲಿಸಿದ್ದೇನೆ. ಮನೆಗೆ ಬಂದವರು ಮೊದಲು ಬ್ರಶ್ಶು ನೋಡಿ "ನೀವು ಚಿತ್ರ ಬರೀತೀರಲ್ರಿ" ಎನ್ನುತ್ತಾರೆ, ಆಮೇಲೆ ಕಪ್ಪಿನ ಮೇಲಿನ ಅಕ್ಷರ ಓದಿ ನನ್ನ ಮುಖ ನೋಡುತ್ತಾರೆ. ಹಾಗೆ ನೋಡಿದಾಗ ನನಗೆ ಒಳಗೊಳಗೇ ಹಿಗ್ಗಾಗುತ್ತದೆ, ಸುಳ್ಳು ಯಾಕೆ ಹೇಳಲಿ.

ಆಟ ಕಲಿತದ್ದು ಅಕ್ಕಿಆಲೂರಿನ ಒಂದು ಅಕ್ಕಿ ಗಿರಣಿಯಲ್ಲಿ. ಅಪ್ಪ ಅಲ್ಲಿ ಹಮಾಲಿ ಮಾಡುತ್ತಿದ್ದ. ಮಧ್ಯಾಹ್ನ ಬುತ್ತಿ ಒಯ್ಯುವುದು ನನ್ನ ಕೆಲಸ. ಉಂಡಾದ ಮೇಲೆ ಹಮಾಲರು ಚೀಲಗಳ ಮೇಲೆ ಬೋರ್ಡ್ ಇಟ್ಟು ಆಡುತ್ತಿದ್ದರು. ಪೌಡರಿಗೆ ಯಾರು ರೊಕ್ಕ ಹಾಕಬೇಕು? ಗಿರಣಿಯ ಗೋಡೆ, ತೊಲೆ, ಜೇಡರ ಬಲೆ ಎಲ್ಲದರ ಮೇಲೂ ಕೂತಿರುತ್ತಿದ್ದ ನುಣ್ಣನೆಯ ಅಕ್ಕಿಧೂಳನ್ನೇ ಅಂಗೈಯಿಂದ ಸವರಿ ಬೋರ್ಡಿಗೆ ಉದುರಿಸುತ್ತಿದ್ದರು. ಮೇಲಿನ ತಗಡಿನ ತೂತುಗಳಿಂದ ಬಿಸಿಲು ಇಳಿದು, ಆ ಧೂಳಿನಲ್ಲಿ ಕಂಬ ಕಂಬವಾಗಿ ನಿಲ್ಲುತ್ತಿತ್ತು. ಯಂತ್ರ ನಿಂತ ಹೊತ್ತಿನಲ್ಲಿ ಕಿವಿಗೆ ಕಾಯಿಯ ಸಪ್ಪಳ ಒಂದೇ. ಟಕ್, ಆಮೇಲೆ ದೂರದಲ್ಲೆಲ್ಲೋ ಇನ್ನೊಂದು ಟಕ್. ನಾನು ಬುತ್ತಿಯ ಡಬ್ಬಿ ಹಿಡಿದುಕೊಂಡು ಹಾಗೇ ನಿಂತುಬಿಡುತ್ತಿದ್ದೆ. ಸಂಜೆಯ ಹೊತ್ತಿಗೆ ಬೋರ್ಡಿನ ಮೇಲೆ ಇರುವೆಗಳ ಸಾಲು. ಅವನ್ನು ಊದಿ ಓಡಿಸಿ ಒಬ್ಬಳೇ ಆಡುವುದಕ್ಕೆ ಅಪ್ಪ ಬಿಟ್ಟ. ಸ್ಟ್ರೈಕರನ್ನು ಎದುರಿನ ಅಂಚಿಗೆ ಬಡಿದು ತಿರುಗಿ ನನ್ನ ಕಡೆಯ ಕಾಯಿಗೇ ತರುವ ಹೊಡೆತ ನನಗೆ ಅಲ್ಲಿಯೇ ಕೈ ಹತ್ತಿತು. ಎದುರಿಗೆ ಯಾರೂ ಇಲ್ಲದವಳಿಗೆ ಗೋಡೆಯೇ ಜೊತೆಗಾರ.

ಹಾನಗಲ್ಲಿನ ಕಾಲೇಜಿಗೆ ಸೇರಿದ ವರ್ಷ ಸವಣೂರಿನಲ್ಲಿ ಪಂದ್ಯವಿತ್ತು. ಅಲ್ಲಿ ಆಪಾ ಸಿಕ್ಕಳು. ನನಗಿಂತ ಆರು ವರ್ಷ ದೊಡ್ಡವಳು. ಅವರ ಮನೆಯ ಮಕ್ಕಳೆಲ್ಲ ಅಕ್ಕ ಎನ್ನುವುದಕ್ಕೆ ಆಪಾ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ, ಅದೇ ಉಳಿಯಿತು. ಅವರದು ವೀಳ್ಯದೆಲೆ ವ್ಯಾಪಾರ. ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆಯ ಪೆಂಡಿಗಳನ್ನು ಬಿಚ್ಚಿ, ಎಳೆಯದು ಬಲಿತದ್ದು ಬೇರೆ ಮಾಡುವುದು ಹೆಣ್ಣುಮಕ್ಕಳ ಕೆಲಸ. ಆಪಾ ಯಾರ ಜೊತೆಗೋ ಮಾತಾಡುತ್ತ, ಎಲೆಯ ಕಡೆ ನೋಡದೆಯೇ, ಬೆರಳ ತುದಿಯಿಂದ ಮುಟ್ಟಿ ಇದು ಇಲ್ಲಿಗೆ, ಅದು ಅಲ್ಲಿಗೆ ಎಂದು ಒಗೆಯುತ್ತಿದ್ದಳು. ಅಂಥ ಬೆರಳು ಕೇರಂ ಬೋರ್ಡಿನ ಮೇಲೆ ಬಂದರೆ ಹೇಗಿರಬೇಕು! ಕಾಯಿಯನ್ನು ಹೊಡೆಯುತ್ತಿರಲಿಲ್ಲ ಅವಳು. ಹೋಗು ಎಂದು ಹೇಳಿ ಕಳಿಸಿದ ಹಾಗೆ ಇರುತ್ತಿತ್ತು.

ನಾವಿಬ್ಬರೂ ಡಬಲ್ಸ್ ಜೋಡಿಯಾದೆವು. ಡಬಲ್ಸ್‌ನಲ್ಲಿ ಜೋಡಿಯವರು ಎದುರುಬದುರು ಕೂಡಬೇಕು, ಆಟ ಮುಗಿಯುವ ತನಕ ಮಾತಾಡುವಂತಿಲ್ಲ. ಎಂಟು ವರ್ಷ ಹಾಗೆ ಕುಳಿತೆವು. ನನ್ನ ಹೊಡೆತ ಮನಸ್ಸಿಗೆ ಬಂದರೆ ಆಪಾ ಒಮ್ಮೆ ನಿಧಾನವಾಗಿ ಕಣ್ಣು ಮುಚ್ಚಿ ತೆರೆಯುತ್ತಿದ್ದಳು, ಅಷ್ಟೇ. ಆ ಒಂದು ಸಲ ಕಣ್ಣು ಮುಚ್ಚುವುದಕ್ಕಾಗಿ ನಾನು ವಾರವಿಡೀ ಬೆರಳು ಸವೆಸುತ್ತಿದ್ದೆ. ಭಾನುವಾರ ಬಸ್ಸು ಹಿಡಿದು ಸವಣೂರಿಗೆ ಹೋಗಿ, ಅವರ ಹಿಂದಿನ ಖೋಲಿಯಲ್ಲಿ ಆಡಿ, ಇಳಿಹೊತ್ತಿಗೆ ಇಬ್ಬರೂ ದೊಡ್ಡಹುಣಸೆ ಮರಗಳ ತನಕ ನಡೆದು ಹೋಗುತ್ತಿದ್ದೆವು. ಆನೆಯಂಥ ಆ ಬೊಡ್ಡೆಗೆ ಬೆನ್ನು ಕೊಟ್ಟು ಕುಳಿತರೆ ಮಾತೆಲ್ಲ ನಿದ್ದೆಗಣ್ಣಿನಲ್ಲಿ ಆಡಿದ ಹಾಗೆ ಬರುತ್ತಿದ್ದವು. ಏನು ಮಾತಾಡಿದೆವೋ ಒಂದೂ ನೆನಪಿಲ್ಲ. ಅವಳ ಬೆರಳಿನ ಎಲೆ ವಾಸನೆ ಮಾತ್ರ ನೆನಪಿದೆ.

ಸಿಂಗಲ್ಸ್ ಆಪಾ ಆಡಲಿಲ್ಲ. "ಜೋಡಿ ಒಬ್ಬಾಕಿ ಇದ್ರ ಹೋಗು, ಒಬ್ಬಾಕಿನ ಬ್ಯಾಡ" ಎಂದು ಅವರ ಅಬ್ಬಾ ಹೇಳಿದ್ದರು. ಹಾಗಾಗಿ ರಾಜ್ಯದ ಕಪ್ ಅವಳಿಗೆ ಸಿಕ್ಕರೆ ನನ್ನ ಜೊತೆಗೇ ಸಿಗಬೇಕು. ಇದನ್ನು ಅವಳು ಯಾವತ್ತೂ ಬಾಯಿಬಿಟ್ಟು ಹೇಳಲಿಲ್ಲ. ನನಗೆ ಗೊತ್ತಿತ್ತು. ಆದರೂ ನಾನು ಸಿಂಗಲ್ಸ್ ಗೆದ್ದು ಬಂದ ದಿನ ಎಲ್ಲರಿಗಿಂತ ಮೊದಲು ಬಾಯಿಗೆ ಸಕ್ಕರೆ ಹಾಕಿದವಳು ಅವಳೇ.

ಮರುವರ್ಷ ನನ್ನ ಮದುವೆಯಾಯಿತು, ಹಿರೇಕೆರೂರಿನ ಮನೆತನಕ್ಕೆ. ಮದುವೆಯ ಹಸಿರು ಗಾಜಿನ ಬಳೆ ಎರಡೂ ಕೈಗೆ ಡಜನ್ ಡಜನ್. ಪಂಚಮಿಗೆ ತವರಿಗೆ ಹೋಗುವ ತನಕ ಕೈ ಬರಿದು ಮಾಡಬಾರದು ಎಂದು ಅತ್ತೆ ತಾಕೀತು ಮಾಡಿದ್ದರು. ಅಳತೆಯೂ ಒಂದು ಕೈ ದೊಡ್ಡದೇ. ಕೈ ಇಳಿಬಿಟ್ಟರೆ ಗಲಗಲ ಅಂಗೈ ತನಕ ಬರುತ್ತಿದ್ದವು. ಪಂಚಮಿಗೆ ಇನ್ನೂ ಹದಿನೈದು ದಿನವಿರುವಾಗ ದಾವಣಗೆರೆಯಲ್ಲಿ ರಾಜ್ಯಮಟ್ಟದ ಡಬಲ್ಸ್. ಬಳೆ ನೋಡಿ ಆಪಾ ತಲೆ ಚಚ್ಚಿಕೊಂಡಳು.

"ತಗಿ ಬೇ ಅವನ್ನ!"

"ತಗ್ಯಾಂಗಿಲ್ಲ ಆಪಾ. ಅತ್ತಿ ಜೀವ ತಿಂತಾಳ."

"ಹಂಗಾರ ಮ್ಯಾಲ ಏರಿಸಿ ಕರ್ಚೀಪು ಕಟ್ಟು. ಬಿಗದ ಕಟ್ಟು."

ಅವಳೇ ಕಟ್ಟಿದಳು. ಸೆಮಿಫೈನಲ್ ತನಕ ಆ ಕರ್ಚೀಪು ಬಿಚ್ಚಲಿಲ್ಲ. ಫೈನಲ್ ಶುರುವಾಗುವ ಮೊದಲು ಪತ್ರಿಕೆಯವರು ಫೋಟೋ ತೆಗೆಯಲು ಬಂದರು. ಆಪಾಗೆ ಫೋಟೋ ಸೇರದು. ಅವರ ಮನೆಯಲ್ಲಿ ಮುಖದ ಚಿತ್ರ ಇಡುವುದಿಲ್ಲ. ಅವಳು ಪಕ್ಕಕ್ಕೆ ಸರಿದು ನಿಂತಳು. ನಾನೋ, ಹೊಸ ಮದುಮಗಳು. ತೋಳಿಗೆ ಕರ್ಚೀಪು ಸುತ್ತಿಕೊಂಡು, ಗಾಯವಾದವಳ ಹಾಗೆ ಫೋಟೋದಲ್ಲಿ ಬರುವುದೇ? ಬಿಚ್ಚಿ ಉಡಿಗೆ ತುರುಕಿದೆ. ಬಳೆ ಗಲ್ ಎಂದು ಇಳಿದವು. ಫೋಟೋ ಆಯಿತು. ಅಷ್ಟರಲ್ಲಿ ಆಟಕ್ಕೆ ಕರೆದರು, ಕರ್ಚೀಪು ಉಡಿಯಲ್ಲೇ ಉಳಿಯಿತು.

ಆಟ ಕೊನೆಯ ಬೋರ್ಡಿನ ತನಕ ಬಂತು. ನಮ್ಮದು ಒಂದೇ ಬಿಳಿ ಕಾಯಿ, ಅವರದು ಒಂದೇ ಕರಿ. ನಮ್ಮ ಕಾಯಿ ನನ್ನ ಬಲಗೈ ಪಾಕೆಟ್ಟಿನ ಹತ್ತಿರ, ಅವರ ಕರಿ ಕಾಯಿಗೆ ಆತುಕೊಂಡು ಕುಳಿತಿತ್ತು. ದಾರಿಯಿಲ್ಲ. ನಾನು ಕೈ ಇಟ್ಟೆ, ತೆಗೆದೆ, ಮತ್ತೆ ಇಟ್ಟೆ. ಆ ಎರಡನೇ ಸಲ ಬಳೆಯ ಅಂಚು ಬಿಳಿ ಕಾಯಿಗೆ ತಾಗಿ, ಅದು ಕೂದಲೆಳೆಯಷ್ಟು ಜರುಗಿತು. ದಾರಿ ತೆರೆಯಿತು. ನಾನು ಎದುರಿನ ಅಂಚಿಗೆ ಬಡಿದೆ, ಸ್ಟ್ರೈಕರ್ ತಿರುಗಿ ಬಂತು, ಕಾಯಿ ಬಿತ್ತು.

ಜನ ಚಪ್ಪಾಳೆ ಹೊಡೆದರು. ನಾನು ಆಪಾಳ ಕಣ್ಣು ನೋಡಿದೆ. ಅವಳು ಕಣ್ಣು ಮುಚ್ಚಲಿಲ್ಲ, ಕೈ ಎತ್ತಿದಳು.

"ಫೌಲ್ ಐತ್ರಿ. ನಮ್ಮ ಕಡೀದು. ಬಳಿ ತಾಗೇತಿ."

ಅಂಪೈರ್ ನೋಡಿರಲಿಲ್ಲ. ನನ್ನನ್ನು ಕೇಳಿದರು. "ಇಲ್ರಿ, ತಾಗಿಲ್ಲ" ಎಂದೆ. ಎಷ್ಟು ಗಟ್ಟಿಯಾಗಿ ಹೇಳಿದೆನೆಂದರೆ ನನ್ನ ದನಿ ಸಭಾಂಗಣದ ಗೋಡೆಗೆ ಬಡಿದು ನನಗೇ ವಾಪಸು ಕೇಳಿಸಿತು. ಆಪಾ ಮತ್ತೊಮ್ಮೆ ಮೆಲ್ಲಗೆ, "ತಾಗೇತ್ರಿ" ಎಂದಳು. ಜೋಡಿಯವಳೇ ಹೇಳಿದ ಮೇಲೆ ಇನ್ನೇನು. ಬಿದ್ದ ಕಾಯಿ ಮತ್ತೆ ಬೋರ್ಡಿನ ಮೇಲೆ ಬಂತು, ಹೊಡೆತ ಅವರ ಪಾಲಾಯಿತು, ಅವರು ಗೆದ್ದರು.

ಹೊರಗೆ ಬಂದವಳೇ ನಾನು ಬಾಯಿಗೆ ಬಂದದ್ದೆಲ್ಲ ಅಂದೆ. "ಮಂದಿ ಮುಂದ ನನ್ನ ಕಳ್ಳಿ ಮಾಡಿದಿ. ತಾಗಿಲ್ಲ ಅಂದ್ರ ತಾಗಿಲ್ಲ. ನಿನ್ನ ಕಣ್ಣಿಗೆ ಏನಾಗೇತಿ?" ಆಪಾ ಸೆರಗಿನಿಂದ ಕೈಗೆ ಹತ್ತಿದ ಪೌಡರು ಒರೆಸಿಕೊಳ್ಳುತ್ತ ನಿಂತಿದ್ದಳು. ಹೋಗುವಾಗಲೂ ಒರೆಸಿಕೊಳ್ಳುತ್ತಲೇ ಇದ್ದಳು.

ಆಮೇಲೆ ಅವಳು ಆಡಲಿಲ್ಲ ಎಂದು ಕೇಳಿದೆ. ನಾನೂ ಆಡಲಿಲ್ಲ. ನನ್ನ ಮಗನ ತೊಟ್ಟಿಲಿಗೆ ಸವಣೂರಿನಿಂದ ಬಸ್ಸಿನಲ್ಲಿ ಎಲೆಯ ಪೆಂಡಿ ಬಂತು. ಯಾರು ಕಳಿಸಿದ್ದೆಂದು ಕೇಳುವ ಅಗತ್ಯವಿರಲಿಲ್ಲ. ಅಷ್ಟು ಒಂದೇ ಸಮನಾದ ಎಲೆ ಆರಿಸುವ ಬೆರಳು ಇನ್ನಾರದು? ಬಿಚ್ಚದೆ ಅಟ್ಟದ ಮೇಲೆ ಇಟ್ಟೆ. ಒಣಗಿ ಪುಡಿಯಾಯಿತು.

ಗಂಡನಿಗೆ ಶಿಗ್ಗಾವಿಗೆ ವರ್ಗವಾಯಿತು. ಮಗ ಶಾಲೆಗೆ ಹೋದ ಮೇಲೆ ಕೈಗೆ ಕೆಲಸವಿಲ್ಲದೆ ಬೆರಳು ಚಡಪಡಿಸುತ್ತಿದ್ದವು. ಗೊಟಗೋಡಿಯ ಹತ್ತಿರ ಸಿಮೆಂಟಿನ ಮೂರ್ತಿ ಮಾಡುವ ಒಬ್ಬ ಮಾಸ್ತರರು ಬಣ್ಣ ಹಚ್ಚಲು ಹೆಣ್ಣುಮಕ್ಕಳನ್ನು ಹುಡುಕುತ್ತಿದ್ದರು. ಹೋದೆ. ರೊಟ್ಟಿ ಬಡಿಯುವವರು, ಬೀಸುವವರು, ನೀರು ಹೊರುವವರು, ಎಲ್ಲರೂ ಆಳೆತ್ತರ, ಎಲ್ಲರೂ ಮಾತಿಲ್ಲದೆ ಬಯಲಲ್ಲಿ ನಿಂತಿದ್ದರು. ಅವರ ಸೀರೆಗೆ ಕೆಂಪು, ಹಣೆಗೆ ಕುಂಕುಮ, ಕೈಗೆ ಹಸಿರು ಬಳೆ. ಬಳೆ ಬರೆಯುವಾಗ ನನ್ನ ಕೈ ನಿಲ್ಲುತ್ತಿತ್ತು. ಆ ಬಯಲಿನ ಮಧ್ಯಾಹ್ನಗಳಲ್ಲಿ ಗಾಳಿಯೂ ಬಣ್ಣದ ವಾಸನೆಯಿಂದ ತೂಕಡಿಸುತ್ತಿತ್ತು. ಎಚ್ಚರದಲ್ಲಿದ್ದೇನೋ ಇಲ್ಲವೋ ಗೊತ್ತಾಗದೆ ಸಿಮೆಂಟಿನ ಹೆಂಗಸರ ಜೊತೆ ಎಷ್ಟೋ ಸಲ ಮಾತಾಡಿದ್ದೇನೆ.

ಮಾಸ್ತರರು ಒಂದು ದಿನ ಪ್ಲೈವುಡ್ ಹಲಗೆ ಕೊಟ್ಟು, ನಿನಗೆ ಬೇಕಾದ್ದು ಬರಿ ಎಂದರು. ಹಲಗೆ ಕಂಡದ್ದೇ ತಡ, ಹಳೆಯ ರೂಢಿಯಿಂದ ಮನೆಯ ಮೂಲೆಯಲ್ಲಿದ್ದ ಕೇರಂನ ಬೋರಿಕ್ ಪೌಡರ್ ತಂದು ಉದುರಿಸಿ ಅಂಗೈಯಿಂದ ತಿಕ್ಕಿ ನುಣ್ಣಗೆ ಮಾಡಿ, ಅದರ ಮೇಲೆ ಬಣ್ಣ ಹಚ್ಚಿದೆ. ಮೂರನೇ ದಿನ ಬಣ್ಣವೆಲ್ಲ ಹಪ್ಪಳದ ಹಾಗೆ ಎದ್ದು ಬಂತು. ಮಾಸ್ತರರು ನಕ್ಕು ನಕ್ಕು ಕಣ್ಣೊರೆಸಿಕೊಂಡರು. "ಏನವಾ, ಇದರ ಮ್ಯಾಲ ಕಾಯಿ ಓಡಸ್ತೀಯೇನು? ಬಣ್ಣ ಓಡಬಾರದು, ಕುಂದರಬೇಕು." ಸಿಟ್ಟು ಬಂದು ಎರಡು ದಿನ ಹೋಗಲಿಲ್ಲ. ಮೂರನೇ ದಿನ ಹೋಗಿ ಹಲಗೆಗೆ ಮರಳುಕಾಗದ ಹಾಕಿ ತಿಕ್ಕುವುದನ್ನು ಕಲಿತೆ. ಚಾಕ್‌ಪೀಸಿನ ಪುಡಿಗೆ ಗೋಂದು ಕಲಸಿ ಉಬ್ಬಿಸಿ ಬರೆಯುವುದನ್ನೂ ಅವರೇ ಕಲಿಸಿದರು.

ಆಗಿನಿಂದ ನಾನು ಬರೆದದ್ದೆಲ್ಲ ಕೇರಂ ಬೋರ್ಡೇ. ಮೇಲಿನಿಂದ ನೋಡಿದ ಬೋರ್ಡು, ಉಬ್ಬಿದ ಕಾಯಿಗಳು, ಒಂದು ಮೂಲೆಯಲ್ಲಿ ಬಳೆ ತೊಟ್ಟ ಕೈ, ಎದುರಿಗೆ ಸುಮ್ಮನೆ ಕುಳಿತ ಇನ್ನೆರಡು ಕೈ. ಹಾನಗಲ್ಲಿನಲ್ಲಿ ಪ್ರದರ್ಶನ ಮಾಡಿದಾಗ ಜನ ಅದರಲ್ಲಿ ಹೊಲ ಕಂಡರು, ಆಕಾಶ ಕಂಡರು, ನಾನೂ ಹೌದೆಂದೆ. ಹನ್ನೊಂದು ಚಿತ್ರ ಬರೆದೆ. ಹನ್ನೊಂದರಲ್ಲೂ ಬಳೆಗೂ ಬಿಳಿ ಕಾಯಿಗೂ ನಡುವೆ ಒಂದು ಅಕ್ಕಿಕಾಳಿನಷ್ಟು ಜಾಗ ಬಿಟ್ಟಿದ್ದೆ. ಆ ಜಾಗ ಬರೆಯುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತಿತ್ತು. ತಾಗಿಲ್ಲ, ತಾಗಿಲ್ಲ ಎಂದು ಅಷ್ಟು ವರ್ಷ ಹೇಳಿದ ಮೇಲೆ ನನಗೂ ಅದೇ ನಿಜವಾಗಿತ್ತು.

ಹೋದ ವರ್ಷ ಮನೆಗೆ ಬಳೆಗಾರ್ತಿ ಬಂದಳು. ಊರೂರು ತಿರುಗುವ ಮುದುಕಿ. ನನ್ನ ಕೈಗೆ ಬಳೆ ಏರಿಸುತ್ತ ಗೋಡೆಯ ಮೇಲಿನ ಚಿತ್ರ ನೋಡಿ ಕೈ ನಿಲ್ಲಿಸಿದಳು.

"ಇದನ್ನ ತಪ್ಪ ಬರದೀರಿ."

"ಏನ್ ತಪ್ಪು?" ಎಂದೆ, ದನಿ ಏರಿತ್ತು.

"ಕೈ ಹಿಂಗ ಬಗ್ಗೇತಿ ನೋಡ್ರಿ. ಇಷ್ಟು ದೊಡ್ಡ ಬಳಿ ಅಲ್ಲೆ ಹ್ಯಾಂಗ ನಿಲ್ತಾವ? ಜಾರಿ ಇಲ್ಲಿಗೆ ಬರತಾವ." ಎದ್ದು ಹೋಗಿ ಕಾಯಿಯ ಮೇಲೆ ಬೆರಳಿಟ್ಟಳು. "ಬಳಿ ನಮ್ಮ ಮಾತ ಕೇಳಂಗಿಲ್ಲರಿ, ಕೈ ಹೋದಂಗ ಹೊಕ್ಕಾವ."

ಅವಳು ಮತ್ತೆ ಕುಳಿತು, ಎದುರಿನ ಎರಡು ಕೈ ತೋರಿಸಿ, "ಈ ಕೈ ಮಾತ್ರ ಬರೋಬ್ಬರಿ ಬರದೀರಿ. ಸವಣೂರಾಗ ಎಲಿ ಮಾರೋ ಮನ್ಯಾಗ ಒಬ್ಬಾಕಿ ಆಪಾ ಅದಾಳ, ಹಿಂಗ ಬೆರಳು. ಪಾಪ, ಸಕ್ಕರಿ ಬ್ಯಾನಿಲೆ ಕಣ್ಣು ಹೋಗ್ಯಾವ. ಈಗ ಮುಟ್ಟೇ ಬಳಿ ಆರಿಸ್ತಾಳ" ಎಂದಳು. ನನ್ನ ಕೈಯಲ್ಲಿದ್ದ ಬಳೆಯೊಂದು ಬಿದ್ದು ನೆಲದ ಮೇಲೆ ಸುತ್ತು ಹೊಡೆಯಿತು. ಅದು ನಿಲ್ಲುವ ತನಕ ಇಬ್ಬರೂ ನೋಡಿದೆವು.

ಅವತ್ತೇ ಹನ್ನೆರಡನೆಯ ಹಲಗೆ ಹಿಡಿದೆ. ಕೈಗೆ ದೊಡ್ಡ ಅಳತೆಯ ಬಳೆ ಹಾಕಿಕೊಂಡು, ಹಳೆಯ ಬೋರ್ಡಿನ ಮೇಲೆ ಕೈ ಇಟ್ಟು ನೋಡಿದೆ. ಮುದುಕಿ ಹೇಳಿದ್ದು ಖರೆ. ಬಳೆ ಜಾರಿ ಬಂದು ಕಾಯಿಗೆ ಬಡಿಯಿತು. ಮತ್ತೆ ಇಟ್ಟೆ, ಮತ್ತೆ ಬಡಿಯಿತು. ಬಳೆಯನ್ನು ಉಬ್ಬಿಸಿ, ಕಾಯಿಗೆ ಕೂಡಿಸಿ, ನಡುವೆ ಉಗುರೂ ಹೋಗದ ಹಾಗೆ ಬರೆದೆ. ಒಣಗಿದ ಮೇಲೆ ಕೌದಿಯಲ್ಲಿ ಸುತ್ತಿ ಸವಣೂರಿನ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಇಳಿದು ವಾಪಸು ಹೋಗಲೇ ಎನಿಸುತ್ತಿತ್ತು. ಇಪ್ಪತ್ತೇಳು ವರ್ಷಗಳ ಮೇಲೆ ಯಾವ ಮುಖ ಹೊತ್ತು ಹೋಗಲಿ? ಮುಖ ಅವಳಿಗೆ ಕಾಣುವುದಿಲ್ಲ ಎಂಬುದು ನೆನಪಾಗಿ ಇನ್ನೂ ಕಷ್ಟವಾಯಿತು.

ಪಡಸಾಲೆಯಲ್ಲಿ ಒದ್ದೆ ಬಟ್ಟೆಯ ಮುಂದೆ ಆಪಾ ಎಲೆ ಆರಿಸುತ್ತ ಕುಳಿತಿದ್ದಳು. ಹಲಗೆ ಬಾಗಿಲಿಗೆ ತಾಗಿ ಸಪ್ಪಳವಾಯಿತು.

"ಯಾರದು? ಬೋರ್ಡ್ ಹೊತ್ತು ಬಂದೋರು?"

"ನಾನು, ಆಪಾ."

ಅವಳ ಬೆರಳು ಒಂದು ಎಲೆಯ ಮೇಲೆ ನಿಂತವು. ಆಮೇಲೆ ಆ ಎಲೆಯನ್ನು ಅದರ ಜಾಗದಲ್ಲೇ ಇಟ್ಟಳು. "ಬಾ ಬೇ, ಕುಂದರು" ಎಂದಳು, ನಿನ್ನೆ ಹೋಗಿ ಇವತ್ತು ಬಂದವಳಿಗೆ ಹೇಳಿದ ಹಾಗೆ.

"ಚಿತ್ರ ತಂದೇನಿ. ಕೈಲೆ ನೋಡು."

"ನನ್ನ ಮುಖ ಐತೇನು ಅದರಾಗ?"

"ಇಲ್ಲ. ಕೈ ಅಷ್ಟ."

ಹಲಗೆಯನ್ನು ಅವಳ ತೊಡೆಯ ಮೇಲಿಟ್ಟೆ. ಬೆರಳು ಅಂಚಿನಿಂದ ಹೊರಟವು. ಪಾಕೆಟ್ಟು, ಗೆರೆ, ಒಂದು ಕಾಯಿ, ಅದಕ್ಕೆ ಆತುಕೊಂಡ ಇನ್ನೊಂದು ಕಾಯಿ. ನಂತರ ಬಳೆ. ಅಲ್ಲಿ ಬೆರಳು ಹಿಂದೆ ಮುಂದೆ ಹೋದವು. ಉಗುರಿನಿಂದ ತಡಕಾಡಿದಳು.

"ಇಲ್ಲಿ ಸಂದಿ ಇಲ್ಲ."

"ಇಲ್ಲ ಆಪಾ. ತಾಗಿತ್ತು."

ಬಹಳ ಹೊತ್ತು ಅವಳು ಆ ಜಾಗದಿಂದ ಬೆರಳು ತೆಗೆಯಲಿಲ್ಲ. ಒಳಗೆ ಯಾರೋ ಕುಕ್ಕರ್ ಇಳಿಸಿದರು.

"ನಾ ಅವತ್ತ ಕಣ್ಣಿಲೆ ನೋಡಿರಲಿಲ್ಲ ಬೇ. ನಿನ್ನ ಕೈ ಅಡ್ಡ ಇತ್ತು. ಸಪ್ಪಳ ಕೇಳಿದ್ದೆ. ಟಿಣ್ ಅಂತು. ನೀ ಇಲ್ಲ ಅಂದಿ. ಅಷ್ಟು ಗಟ್ಟಿ ಇಲ್ಲ ಅಂದಿ. ಅವತ್ತಿನಿಂದ ಆ ಟಿಣ್ ಅನ್ನೂದು ಬೋರ್ಡಿನ ಮ್ಯಾಲ ಇತ್ತೋ, ನನ್ನ ಕಿವ್ಯಾಗ ಇತ್ತೋ ಅಂತ ಕೇಳ್ಕೊಂತ ಕುಂತೇನಿ. ಕಣ್ಣು ಹೋದ ಮ್ಯಾಲಂತೂ ಇರೋವು ಎರಡು ಕಿವಿ, ಅವನ್ನೂ ನಂಬೂದು ಹ್ಯಾಂಗ? ಸುಳ್ಳ ಸುಳ್ಳ ನಿನ್ನ ಕಪ್ ಕಸಗೊಂಡೆ ಅಂತ ಎಷ್ಟ ಅತ್ತೇನಿ ಗೊತ್ತೈತೇನು?"

ಕಪ್ ಕಸಿದಳು ಎಂದು ಇಪ್ಪತ್ತೇಳು ವರ್ಷ ಉರಿದುಕೊಂಡವಳು ನಾನು. ಅವಳಿಂದ ನಾನು ಏನು ಕಸಿದೆ ಎಂದು ಒಂದು ದಿನವೂ ಯೋಚಿಸಿರಲಿಲ್ಲ. ಅವಳ ಕಾಲು ಹಿಡಿದು ಅತ್ತೆ. ಆಪಾ ನನ್ನ ತಲೆ ಸವರುತ್ತ, ಅಲ್ಲಿಂದ ತೋಳಿಗೆ, ತೋಳಿನಿಂದ ಕೈಗೆ ಬೆರಳು ಇಳಿಸಿ, "ಬಳಿ ತಗಿ ಮೊದಲ" ಎಂದಳು. ಒಂದೊಂದೇ ತೆಗೆದು ಅವಳ ಉಡಿಯಲ್ಲಿ ಹಾಕಿದೆ.

ಮಂಚದ ಕೆಳಗಿನಿಂದ ಹಳೆಯ ಬೋರ್ಡ್ ಹೊರಬಂತು. ಪೌಡರ್ ಇರಲಿಲ್ಲ, ಡಬ್ಬಿಯಿಂದ ಅಕ್ಕಿ ಹಿಟ್ಟು ಉದುರಿಸಿದೆ. ಎದುರುಬದುರು ಕುಳಿತೆವು.

"ನಾ ಕಾಯಿ ಮುಟ್ಟಿ ನೋಡೇ ಹೊಡಿಯಾಕಿ. ಮುಟ್ಟಿದ್ದಕ್ಕ ಫೌಲ್ ಇಲ್ಲ. ಅಲುಗಿದ್ರ ಫೌಲ್. ನೀನ ಹೇಳಬೇಕು."

"ಹೇಳ್ತೇನಿ."

ಅವಳ ಬೆರಳು ಹಿಟ್ಟಿನ ಮೇಲೆ ಸುಳಿದು ಬಂದು, ಒಂದು ಕಾಯಿಯನ್ನು ಹುಡುಕಿ, ಎಲೆ ಮುಟ್ಟುವ ಹಾಗೆ ಮುಟ್ಟಿತು. ಕಾಯಿ ಜರುಗಿತು. ಕೂದಲೆಳೆಯಷ್ಟು. ಅದರ ಸಣ್ಣ ಸಪ್ಪಳ ನನ್ನ ಕಿವಿಗೂ ಬಿತ್ತು. ಆಪಾ ಮುಖ ಎತ್ತಿ ನನ್ನ ಕಡೆ ತಿರುಗಿದಳು.

"ಅಲುಗಿತೇನು?"

"ಅಲುಗಿತು, ಆಪಾ."

ಅವಳು ಒಮ್ಮೆ ನಿಧಾನವಾಗಿ ಕಣ್ಣು ಮುಚ್ಚಿ ತೆರೆದು, ಸ್ಟ್ರೈಕರನ್ನು ನನ್ನ ಕಡೆಗೆ ನೂಕಿದಳು.